ಪಾರ್ಶ್ವವಾಯು: ಮದ್ದಿದೆ, ಹೊತ್ತು ಸೋರುತ್ತಿರುವುದು ಎಲ್ಲಿ?

ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಷ್ ಕೈಯಿಂದ ಜಾರಿ ಬೀಳುತ್ತದೆ. ಎತ್ತಿಕೊಳ್ಳಲು ಹೋದರೆ ಬೆರಳುಗಳು ಮಾತು ಕೇಳುವುದಿಲ್ಲ. ಬಾಯಿ ಮುಕ್ಕಳಿಸಿದರೆ ನೀರು ಬಲಗಡೆಯ ತುಟಿಯಂಚಿನಿಂದ ಸೋರುತ್ತದೆ. ನೋವಿಲ್ಲ, ಉರಿಯಿಲ್ಲ, ಎಚ್ಚರವೂ ತಪ್ಪಿಲ್ಲ. "ರಾತ್ರಿ ಕೈ ಮೇಲೆ ಮಲಗಿದ್ದಿರಬೇಕು, ಜೋಮು ಹಿಡಿದಿದೆ. ಸ್ವಲ್ಪ ಹೊತ್ತು ಒರಗಿಕೊಳ್ಳಿ, ಸರಿಹೋಗುತ್ತೆ" ಎನ್ನುತ್ತಾರೆ ಮನೆಯವರು. ಹಲ್ಲುಜ್ಜುತ್ತಿದ್ದವರು ಒಂದು ಗಂಟೆ ಒರಗಿಕೊಳ್ಳುತ್ತಾರೆ. ಪಾರ್ಶ್ವವಾಯುವಿನ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ದೊಡ್ಡ ನಷ್ಟ ಆಗಿಹೋಗುವುದು ಈ ಒಂದು ಗಂಟೆಯಲ್ಲೇ.

ಹೃದಯಾಘಾತವಾದವರನ್ನು ಎದೆನೋವೇ ಆಸ್ಪತ್ರೆಗೆ ಅಟ್ಟುತ್ತದೆ. ಮಿದುಳಿನ ಅಂಗಾಂಶಕ್ಕೆ ನೋವು ತಿಳಿಯುವ ನರತುದಿಗಳಿಲ್ಲ. ಹಾಗಾಗಿ ರಕ್ತನಾಳ ಕಟ್ಟಿಕೊಂಡು ಮಿದುಳಿನ ಒಂದು ಭಾಗ ಸಾಯುತ್ತಿದ್ದರೂ ಬಹುಪಾಲು ಜನರಿಗೆ ನೋವೆಂಬುದು ಇರುವುದಿಲ್ಲ. ಆ ಭಾಗ ಮಾಡುತ್ತಿದ್ದ ಕೆಲಸ ನಿಲ್ಲುತ್ತದೆ, ಅಷ್ಟೆ. ಕೈ ಏಳುವುದಿಲ್ಲ, ಮಾತು ಹೊರಡುವುದಿಲ್ಲ, ಅರ್ಧ ನೋಟ ಮಾಯವಾಗುತ್ತದೆ. ನೋಯದೇ ಇರುವುದನ್ನು ತುರ್ತು ಎಂದು ಒಪ್ಪಿಕೊಳ್ಳಲು ಮನಸ್ಸಿಗೆ ಕಷ್ಟ.

1990ರ ದಶಕದ ನಡುವಿನವರೆಗೂ ಲಕ್ವ ಹೊಡೆದವರಿಗೆ ವೈದ್ಯರು ಮಾಡಬಹುದಾದದ್ದು ಆರೈಕೆ ಮಾತ್ರ. ರಕ್ತದ ಹೆಪ್ಪನ್ನು ಕರಗಿಸುವ ಆಲ್ಟಿಪ್ಲೇಸ್ ಎಂಬ ಚುಚ್ಚುಮದ್ದನ್ನು ಮೂರು ಗಂಟೆಯೊಳಗೆ ಕೊಟ್ಟರೆ ಅಂಗವೈಕಲ್ಯ ತಗ್ಗುತ್ತದೆ ಎಂದು 1995ರಲ್ಲಿ ಗೊತ್ತಾಯಿತು. 2008ರಲ್ಲಿ ಆ ಗಡುವು ನಾಲ್ಕೂವರೆ ಗಂಟೆಗೆ ಹಿಗ್ಗಿತು. ದೊಡ್ಡ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಸಪೂರ ಕೊಳವೆ ತೂರಿಸಿ ಹೊರಗೆಳೆಯುವ ಚಿಕಿತ್ಸೆ ಫಲ ಕೊಡುತ್ತದೆ ಎಂಬುದನ್ನು 2015ರಲ್ಲಿ ಒಂದರ ಹಿಂದೊಂದು ಬಂದ ಐದು ಅಧ್ಯಯನಗಳು ಖಚಿತಪಡಿಸಿದವು. 2018ರ ಹೊತ್ತಿಗೆ ಆಯ್ದ ರೋಗಿಗಳಲ್ಲಿ ಈ ಚಿಕಿತ್ಸೆಯನ್ನು 24 ಗಂಟೆಯವರೆಗೂ ಮಾಡಬಹುದೆಂದಾಯಿತು. ಇಷ್ಟಾದರೂ, ಇವೆಲ್ಲ ಸಿಗುವ ಊರುಗಳಲ್ಲೂ, ಹೊತ್ತಿಗೆ ಸರಿಯಾಗಿ ಅಲ್ಲಿಗೆ ಮುಟ್ಟುವವರು ಕಡಿಮೆ. ಮೊದಲ ಲಕ್ಷಣಕ್ಕೂ ಮೊದಲ ಸ್ಕ್ಯಾನಿಗೂ ನಡುವೆ ಹೊತ್ತು ಎಲ್ಲೆಲ್ಲಿ ಸೋರುತ್ತದೆ ಎಂಬುದು ತಿಳಿಯಬೇಕಾದರೆ ಒಳಗೆ ಏನಾಗುತ್ತದೆ ಎಂಬುದರಿಂದ ಶುರುಮಾಡಬೇಕು.

ರಕ್ತ ನಿಂತ ಜಾಗದಲ್ಲಿ

ಮಿದುಳಿನ ತೂಕ ದೇಹದ ತೂಕದ ಶೇ 2ರಷ್ಟು. ಆದರೆ ದೇಹ ಬಳಸುವ ಆಮ್ಲಜನಕದ ಸುಮಾರು ಶೇ 20 ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ಉಗ್ರಾಣವೂ ಅದಕ್ಕಿಲ್ಲ. ಕ್ಷಣಕ್ಷಣಕ್ಕೂ ರಕ್ತ ತಂದುಕೊಟ್ಟಿದ್ದರಲ್ಲೇ ಬದುಕಬೇಕು. ಸಾಮಾನ್ಯವಾಗಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ 50 ಮಿಲಿಲೀಟರಿನಷ್ಟು ರಕ್ತ ಹರಿಯುತ್ತದೆ. ಅದು 20ರ ಆಸುಪಾಸಿಗೆ ಇಳಿದರೆ ನರಕೋಶಗಳು ಕೆಲಸ ನಿಲ್ಲಿಸುತ್ತವೆ, ಆದರೆ ಸಾಯುವುದಿಲ್ಲ. 10ಕ್ಕಿಂತ ಕೆಳಗಿಳಿದರೆ ಕೆಲವೇ ನಿಮಿಷಗಳಲ್ಲಿ ಸಾಯುತ್ತವೆ.

ಚಿಕಿತ್ಸೆಯ ಆಸೆ ನಿಂತಿರುವುದು ಈ ಎರಡು ಅಂಕಿಗಳ ನಡುವೆ. ರಕ್ತನಾಳ ಕಟ್ಟಿಕೊಂಡಾಗ ನಟ್ಟನಡುವಿನ ಭಾಗ ಬೇಗ ಸತ್ತುಹೋಗುತ್ತದೆ. ಅದರ ಸುತ್ತಲಿನ ಭಾಗಕ್ಕೆ ಅಕ್ಕಪಕ್ಕದ ಸಣ್ಣ ನಾಳಗಳಿಂದ ಅಷ್ಟಿಷ್ಟು ರಕ್ತ ಒಸರುತ್ತಿರುತ್ತದೆ. ವೈದ್ಯರು ಪೆನಂಬ್ರ ಎಂದು ಕರೆಯುವ ಈ ಅರೆನೆರಳಿನ ಭಾಗ ಮೂರ್ಛೆ ಹೋದಂತೆ ಬಿದ್ದಿರುತ್ತದೆ. ಕೈ ಪೂರ್ತಿ ಬಿದ್ದುಹೋಗಿದೆ ಎಂದ ಮಾತ್ರಕ್ಕೆ ಕೈಯನ್ನು ಆಡಿಸುವ ಮಿದುಳಿನ ಭಾಗ ಪೂರ್ತಿ ಸತ್ತಿದೆ ಎಂದಲ್ಲ. ಹೆಪ್ಪು ಬೇಗ ತೆಗೆದರೆ ಅದು ಎದ್ದು ಕೂರುತ್ತದೆ. ತಡವಾದರೆ ಸತ್ತ ಭಾಗ ಹಬ್ಬುತ್ತಾ ಹಬ್ಬುತ್ತಾ ಅದನ್ನೂ ನುಂಗುತ್ತದೆ. ದೊಡ್ಡ ರಕ್ತನಾಳ ಮುಚ್ಚಿದ ಪಾರ್ಶ್ವವಾಯುವಿನಲ್ಲಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಲಾಯಿತು. ಇದು ಸರಾಸರಿ. ಪಕ್ಕದ ದಾರಿಗಳು ಚೆನ್ನಾಗಿರುವವರಲ್ಲಿ ಅರೆನೆರಳು ಹನ್ನೆರಡು ಗಂಟೆಯಾದರೂ ಉಸಿರಾಡುತ್ತಿರಬಹುದು, ಇಲ್ಲದವರಲ್ಲಿ ಎರಡು ಗಂಟೆಯಲ್ಲೇ ಮುಗಿದಿರಬಹುದು. ಯಾರು ಯಾವ ಗುಂಪು ಎಂಬುದು ಹೊರಗಿನಿಂದ ಕಾಣುವುದಿಲ್ಲ, ಸ್ಕ್ಯಾನ್ ಮಾತ್ರ ಹೇಳುತ್ತದೆ. ಆದ್ದರಿಂದ "24 ಗಂಟೆ ಇದೆಯಲ್ಲ" ಎಂದು ಯಾರೂ ನಿಧಾನಿಸುವಂತಿಲ್ಲ.

ಇದುವರೆಗೆ ಹೇಳಿದ್ದು ರಕ್ತನಾಳ ಕಟ್ಟಿಕೊಳ್ಳುವ ಬಗೆ. ಹೆಚ್ಚಿನ ಪಾರ್ಶ್ವವಾಯುಗಳು ಇದೇ ಜಾತಿಯವು. ಉಳಿದವುಗಳಲ್ಲಿ ರಕ್ತನಾಳ ಒಡೆದು ಮಿದುಳಿನೊಳಗೋ ಅದರ ಹೊದಿಕೆಯ ಕೆಳಗೋ ರಕ್ತ ಸುರಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಸೊಟ್ಟಬಾಯಿ, ಬಿದ್ದ ಕೈ, ತೊದಲು. ಚಿಕಿತ್ಸೆ ಮಾತ್ರ ತದ್ವಿರುದ್ಧ. ಒಂದರಲ್ಲಿ ಹೆಪ್ಪು ಕರಗಿಸಬೇಕು, ಇನ್ನೊಂದರಲ್ಲಿ ಹೆಪ್ಪುಗಟ್ಟಲು ನೆರವಾಗಬೇಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಆಸ್ಪಿರಿನ್ನನ್ನು ಎದೆನೋವಿಗೆ ಕೊಡುವ ಹಾಗೆ ಮನೆಯಲ್ಲೇ ಕೊಡಬಾರದು ಎನ್ನುವುದು ಇದೇ ಕಾರಣಕ್ಕೆ. ಸಿಟಿ ಸ್ಕ್ಯಾನಿನಲ್ಲಿ ಹೊಸ ರಕ್ತ ಬೆಳ್ಳಗೆ ಎದ್ದು ಕಾಣುತ್ತದೆ. ಅದನ್ನು ನೋಡುವವರೆಗೆ ಎಷ್ಟೇ ಅನುಭವಿ ವೈದ್ಯರಾದರೂ ಊಹಿಸಿ ಮದ್ದು ಕೊಡುವುದಿಲ್ಲ.

ಹೆಪ್ಪು ಎಲ್ಲಿಂದ ಬರುತ್ತದೆ

ಮುಖ್ಯವಾಗಿ ಮೂರು ಕಡೆಯಿಂದ. ಕುತ್ತಿಗೆಯ ಎರಡೂ ಬದಿಯಲ್ಲಿ ಮಿದುಳಿಗೆ ಏರುವ ಕರೋಟಿಡ್ ರಕ್ತನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂತು ದಪ್ಪಗಾಗುತ್ತದೆ. ಒಂದು ದಿನ ಅದರ ಮೇಲ್ಪದರ ಬಿರುಕು ಬಿಟ್ಟು, ಬಿರುಕಿನ ಮೇಲೆ ಹೆಪ್ಪು ಕಟ್ಟಿ, ಅದರ ಚೂರು ಮೇಲಕ್ಕೆ ತೇಲಿಹೋಗುತ್ತದೆ. ಎರಡನೆಯದು ಹೃದಯ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ತಾಳ ತಪ್ಪಿದ ಬಡಿತದಲ್ಲಿ ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡಿಕೊಳ್ಳದೆ ಬರೀ ನಡುಗುತ್ತದೆ. ಅಲ್ಲಿ ನಿಂತ ರಕ್ತ ಹೆಪ್ಪಾಗಿ, ಅಲ್ಲಿಂದ ಹೊರಟದ್ದು ಮಿದುಳಿನ ದೊಡ್ಡ ನಾಳವನ್ನೇ ಮುಚ್ಚುತ್ತದೆ. ಈ ತೊಂದರೆ ಇದ್ದವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು. ಎಷ್ಟೋ ಜನರಿಗೆ ಎದೆ ಹೊಡೆದುಕೊಳ್ಳುವುದು ಕೂಡ ಗೊತ್ತಾಗುವುದಿಲ್ಲ. ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಹಿಡಿದು ನೋಡಿ. ಬಡಿತಗಳ ನಡುವಿನ ಬಿಡುವು ಯಾವ ಲೆಕ್ಕಕ್ಕೂ ಸಿಗದಂತೆ ಹಿಂದುಮುಂದಾಗುತ್ತಿದ್ದರೆ ಇಸಿಜಿ ಮಾಡಿಸಲೇಬೇಕು. ಮೂರನೆಯದು ಮಿದುಳಿನ ಆಳಕ್ಕೆ ಇಳಿಯುವ, ಕೂದಲೆಳೆಯಂಥ ನಾಳಗಳು. ಏರಿದ ಬಿಪಿ ಮತ್ತು ಶುಗರ್ ಅವುಗಳ ಗೋಡೆಯನ್ನು ಗಡುಸಾಗಿಸಿ, ಇದ್ದಲ್ಲೇ ಮುಚ್ಚಿಸಿಬಿಡುತ್ತವೆ.

ಅದೇ ಸಣ್ಣ ನಾಳಗಳು ಅದೇ ಬಿಪಿಗೆ ಒಡೆದೂ ಹೋಗುತ್ತವೆ. ಮಿದುಳಿನ ಆಳದಲ್ಲಿ ಆಗುವ ರಕ್ತಸ್ರಾವಕ್ಕೆ ಮುಖ್ಯ ಕಾರಣವೇ ಅದು. ಕಟ್ಟಿಕೊಳ್ಳುವುದಕ್ಕೂ ಒಡೆಯುವುದಕ್ಕೂ ಒಂದೇ ಬೇರು ಇರುವುದರಿಂದ, ಪಾರ್ಶ್ವವಾಯು ತಡೆಯಲು ಒಂದೇ ಒಂದು ಅಂಕಿಯ ಮೇಲೆ ಕಣ್ಣಿಡುವುದಾದರೆ ಅದು ಬಿಪಿಯೇ ಆಗಿರಬೇಕು. ಇಂಟರ್‌ಸ್ಟ್ರೋಕ್ ಎಂಬ ಬಹುರಾಷ್ಟ್ರೀಯ ಅಧ್ಯಯನ ಪಾರ್ಶ್ವವಾಯುವಿನ ಅಪಾಯದ ಸುಮಾರು ಶೇ 90ರಷ್ಟಕ್ಕೆ ಹತ್ತು ಅಂಶಗಳೇ ಕಾರಣ ಎಂದು ತೋರಿಸಿತು. ಬಿಪಿ, ಧೂಮಪಾನ, ಸಕ್ಕರೆ ಕಾಯಿಲೆ, ಕೊಬ್ಬು, ಹೊಟ್ಟೆಯ ಬೊಜ್ಜು, ಮೈಯಾಡಿಸದಿರುವುದು, ಆಹಾರ, ಮದ್ಯ, ಮನಸ್ಸಿನ ಒತ್ತಡ, ಹೃದಯದ ಕಾಯಿಲೆ. ಇವುಗಳಲ್ಲಿ ಬಿಪಿಯೇ ಮುಂದು.

ಚಿಕ್ಕ ವಯಸ್ಸಿನವರಲ್ಲಿ ಬೇರೆ ಕಾರಣಗಳನ್ನೂ ಹುಡುಕಬೇಕು. ಕುತ್ತಿಗೆ ರಪ್ಪನೆ ತಿರುಗಿದಾಗ ಅಥವಾ ಕುತ್ತಿಗೆಯ ನಟಿಕೆ ಮುರಿಸಿಕೊಂಡಾಗ ರಕ್ತನಾಳದ ಒಳಪದರ ಸೀಳಿ ಅಲ್ಲಿ ಹೆಪ್ಪು ಕಟ್ಟಬಹುದು. ಬಸುರಿಯರಲ್ಲಿ, ಅದಕ್ಕಿಂತ ಹೆಚ್ಚಾಗಿ ಬಾಣಂತಿಯರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಮಿದುಳಿನಿಂದ ರಕ್ತ ಹೊರಗೊಯ್ಯುವ ಸಿರೆಗಳೇ ಹೆಪ್ಪುಗಟ್ಟಬಹುದು. ಇದರಲ್ಲಿ ದಿನದಿನಕ್ಕೂ ಏರುವ ತಲೆನೋವು, ವಾಂತಿ, ಮಂಜು ನೋಟ, ಅಪಸ್ಮಾರದಂಥ ಸೆಳೆತ ಬರುತ್ತವೆ. ಬಾಣಂತಿಯ ತಲೆನೋವನ್ನು ನಿದ್ದೆಗೆಟ್ಟದ್ದು ಎಂದು ತಳ್ಳಿಹಾಕುವುದು ಇಲ್ಲಿ ಆಗುವ ತಪ್ಪು.

ಗುರುತಿಸುವುದು ಹೇಗೆ, ಎಲ್ಲಿ ಎಡವುತ್ತೇವೆ

ಮುಖ, ಕೈ, ಮಾತು: ಈ ಮೂರನ್ನು ಪರೀಕ್ಷಿಸಲು ಒಂದು ನಿಮಿಷ ಸಾಕು, ಆದರೆ ಸರಿಯಾಗಿ ಪರೀಕ್ಷಿಸಬೇಕು. ಸುಮ್ಮನೆ ಮುಖ ನೋಡಿದರೆ ಸಾಲದು, ಹಲ್ಲು ಕಾಣುವಂತೆ ನಗಲು ಹೇಳಬೇಕು. ಆಗ ಒಂದು ಬದಿಯ ತುಟಿ ಮೇಲೇಳದಿರುವುದು ಕಾಣುತ್ತದೆ. "ಕೈ ಎತ್ತಿ" ಎಂದರೂ ಸಾಲದು, ಸ್ವಲ್ಪ ದುರ್ಬಲವಾದ ಕೈಯೂ ಒಂದು ಕ್ಷಣ ಏಳುತ್ತದೆ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಅಂಗೈ ಮೇಲೆ ಮಾಡಿಸಿ, ಕಣ್ಣು ಮುಚ್ಚಿಸಿ ಹತ್ತರವರೆಗೆ ಎಣಿಸಿ. ಸೋತ ಕೈಯ ಅಂಗೈ ಮೊದಲು ಮೆಲ್ಲಗೆ ಒಳಕ್ಕೆ ತಿರುಗುತ್ತದೆ, ಆಮೇಲೆ ಕೈ ಕೆಳಗೆ ಜಾರುತ್ತದೆ. ಆ ತಿರುಗುವಿಕೆಯೇ ಸಾಕು, ಬೀಳುವುದಕ್ಕೆ ಕಾಯಬೇಕಿಲ್ಲ. ಮಾತಿಗೆ ಒಂದು ಸರಳ ವಾಕ್ಯವನ್ನು ಹಿಂದೆಯೇ ಹೇಳಿಸಿ, ಕೈಗೆ ಸಿಕ್ಕ ಒಂದೆರಡು ವಸ್ತುಗಳ ಹೆಸರು ಕೇಳಿ.

ಮಾತು ಕೆಡುವುದರಲ್ಲಿ ಎರಡು ಬಗೆ. ನಾಲಿಗೆ ತೊಡರುವುದು ಒಂದು. ಪದಗಳು ಸರಿ, ಉಚ್ಚಾರ ಕೆಟ್ಟಿರುತ್ತದೆ. ಭಾಷೆಯೇ ಕೈತಪ್ಪುವುದು ಇನ್ನೊಂದು. ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ವಿವರಿಸಿದ ರೋಗಿಗೆ ಎಲ್ಲ ಅರ್ಥವಾಗುತ್ತಿತ್ತು, ಬಾಯಿಂದ ಹೊರಡುತ್ತಿದ್ದುದು ಮಾತ್ರ "ಟಾನ್" ಎಂಬ ಒಂದೇ ಸದ್ದು; ಸತ್ತ ಮೇಲೆ ನೋಡಿದರೆ ಎಡ ಮಿದುಳಿನ ಮುಂಭಾಗದಲ್ಲಿ ಗಾಯವಿತ್ತು. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು: ರೋಗಿ ಸರಾಗವಾಗಿ ಮಾತನಾಡುತ್ತಾರೆ, ಮಾತಿಗೆ ಅರ್ಥವಿರುವುದಿಲ್ಲ, ನಾವು ಹೇಳಿದ್ದು ಅವರಿಗೆ ತಿಳಿಯುವುದಿಲ್ಲ. ಕೈಕಾಲು ಚೆನ್ನಾಗಿಯೇ ಇರುವ ಇಂಥವರನ್ನು "ತಲೆ ಕೆಟ್ಟಿದೆ", "ಕುಡಿದಿದ್ದಾರೆ" ಎಂದು ಬಿಟ್ಟುಬಿಡುವುದು ಹೊತ್ತು ಸೋರುವ ಒಂದು ದಾರಿ.

ಬಲ ಮಿದುಳಿಗೆ ಪೆಟ್ಟು ಬಿದ್ದಾಗ ಮತ್ತೊಂದು ವಿಚಿತ್ರ ಕಾಣುತ್ತದೆ. ಅವರಿಗೆ ಎಡಗಡೆಯ ಜಗತ್ತೇ ಇರುವುದಿಲ್ಲ. ತಟ್ಟೆಯ ಬಲ ಅರ್ಧ ಮಾತ್ರ ಖಾಲಿಯಾಗುತ್ತದೆ. ಗಡಿಯಾರ ಬರೆಯಲು ಹೇಳಿದರೆ ಹನ್ನೆರಡೂ ಅಂಕಿಗಳನ್ನು ಬಲಗಡೆಯಲ್ಲೇ ಒತ್ತರಿಸಿ ಬರೆಯುತ್ತಾರೆ. ಎಡಗೈ ಬಿದ್ದಿದೆ ಎಂದರೆ ಒಪ್ಪುವುದೇ ಇಲ್ಲ, "ನನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ" ಎಂದು ಸಿಟ್ಟಾಗುತ್ತಾರೆ. ಅವರ ಮಾತು ನಂಬಿ ಸುಮ್ಮನಾಗಬೇಡಿ. ಹಾಗೆನ್ನುವುದೂ ಕಾಯಿಲೆಯ ಲಕ್ಷಣವೇ.

ಮಿದುಳಿನ ಹಿಂಭಾಗಕ್ಕೆ ರಕ್ತ ನಿಂತಾಗ ಮುಖ, ಕೈ, ಮಾತು ಮೂರೂ ಸರಿಯಿದ್ದು ಪರೀಕ್ಷೆ ನಮ್ಮನ್ನು ಮೋಸಗೊಳಿಸಬಹುದು. ಇದ್ದಕ್ಕಿದ್ದಂತೆ ತಲೆ ತಿರುಗುವುದು, ವಾಂತಿ, ಒಂದು ಎರಡಾಗಿ ಕಾಣುವುದು, ಅರ್ಧ ನೋಟ ಹೋಗುವುದು, ನಡೆದರೆ ಒಂದೇ ಕಡೆಗೆ ವಾಲುವುದು ಇದರ ಗುರುತು. ಅದನ್ನು ಪಿತ್ತ ಎಂದೋ ಕಿವಿಯ ತೊಂದರೆ ಎಂದೋ ಹೇಳಿ ಕಳಿಸಿಬಿಡುವುದುಂಟು. ಒಂದು ಸುಳಿವು: ತಲೆಸುತ್ತು ಬಂದವರು ಆಸರೆಯಿಲ್ಲದೆ ಕೂರಲು ಅಥವಾ ನಿಲ್ಲಲು ಆಗದಿದ್ದರೆ ಅದನ್ನು ಕಿವಿಯ ತೊಂದರೆ ಎಂದು ಬಿಡದೆ ಮಿದುಳಿನದ್ದೇ ಎಂದು ನೋಡಬೇಕು.

ಬೆಲ್ಸ್ ಪಾಲ್ಸಿ ಎಂಬ ಮುಖದ ನರದ ತೊಂದರೆಯಲ್ಲೂ ಬಾಯಿ ಸೊಟ್ಟಗಾಗುತ್ತದೆ. ಅದರಲ್ಲಿ ಆ ಬದಿಯ ಹಣೆಯ ಗೆರೆಗಳೂ ಏಳುವುದಿಲ್ಲ, ಕಣ್ಣೂ ಪೂರ್ತಿ ಮುಚ್ಚುವುದಿಲ್ಲ. ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಹಣೆ ಸುಕ್ಕುಗಟ್ಟುತ್ತದೆ. ಈ ವ್ಯತ್ಯಾಸ ನೋಡಿ ಮನೆಯಲ್ಲೇ ತೀರ್ಪು ಕೊಡುವುದು ಬೇಡ, ಅದು ವೈದ್ಯರ ಕೆಲಸ.

ಇನ್ನು, ಹತ್ತಿಪ್ಪತ್ತು ನಿಮಿಷ ಬಂದು ತಾನೇ ಹೋಗಿಬಿಡುವ ಲಕ್ಷಣಗಳು. ಇದಕ್ಕೆ ಟಿಐಎ ಎಂದು ಹೆಸರು, ಜನರ ಬಾಯಲ್ಲಿ ಮಿನಿ ಸ್ಟ್ರೋಕ್. ಕೈ ಸರಿಹೋಯಿತಲ್ಲ ಎಂಬ ನೆಮ್ಮದಿಯೇ ಇಲ್ಲಿ ಅಪಾಯ. ಟಿಐಎ ಆದ ಮೂರು ತಿಂಗಳೊಳಗೆ ಬರುವ ಪಾರ್ಶ್ವವಾಯುಗಳಲ್ಲಿ ಸುಮಾರು ಅರ್ಧ ಮೊದಲ ಎರಡೇ ದಿನಗಳಲ್ಲಿ ಬರುತ್ತವೆ. ಸರಿಹೋದ ಮೇಲೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು ಎನ್ನುವುದು ಅದಕ್ಕೇ.

ಆಸ್ಪತ್ರೆ ಸೇರುವವರೆಗೆ

ಮೊದಲ ಕೆಲಸ ಗಡಿಯಾರ ನೋಡುವುದು. ವೈದ್ಯರು ಕೇಳುವ ಮೊದಲ ಪ್ರಶ್ನೆ "ಇವರು ಕೊನೆಯ ಬಾರಿ ಚೆನ್ನಾಗಿದ್ದದ್ದು ಯಾವಾಗ?" ಎಂಬುದು. ನೀವು ಯಾವಾಗ ನೋಡಿದಿರಿ ಎಂಬುದು ಬೇರೆ. ರಾತ್ರಿ ಹತ್ತಕ್ಕೆ ಚೆನ್ನಾಗಿ ಮಲಗಿದವರು ಬೆಳಿಗ್ಗೆ ಆರಕ್ಕೆ ಕೈ ಬಿದ್ದು ಎದ್ದರೆ ಗಡಿಯಾರ ಶುರುವಾಗುವುದು ಹತ್ತರಿಂದ. ನಡುವೆ ಮೂರು ಗಂಟೆಗೆ ಬಚ್ಚಲಿಗೆ ಎದ್ದುಹೋಗಿದ್ದರು, ಆಗ ಚೆನ್ನಾಗಿ ನಡೆದಿದ್ದರು ಎಂದು ಮನೆಯಲ್ಲಿ ಯಾರಾದರೂ ನೆನಪಿಸಿಕೊಂಡರೆ ಅದು ಮೂರರಿಂದ ಶುರುವಾಗುತ್ತದೆ. ಅಷ್ಟರಿಂದಲೇ ಚಿಕಿತ್ಸೆ ಸಿಗಬಹುದು ಅಥವಾ ತಪ್ಪಬಹುದು. ಹೊತ್ತೇ ಗೊತ್ತಿಲ್ಲದಿದ್ದರೂ ಹೋಗಲೇಬೇಕು, ಎಂಆರ್‌ಐ ಚಿತ್ರಗಳಿಂದ ಗಾಯದ ವಯಸ್ಸನ್ನು ಅಂದಾಜು ಮಾಡಿ ಚಿಕಿತ್ಸೆ ಕೊಡುವುದು ಈಗ ಸಾಧ್ಯ.

ಕುಡಿಯಲು ನೀರೂ ಕೊಡಬೇಡಿ, ಮಾತ್ರೆಯೂ ಬೇಡ. ನುಂಗುವ ಸ್ನಾಯುಗಳೂ ಸೋತಿರಬಹುದು, ಕೊಟ್ಟದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಿಪಿ ನೋಡಿದರೆ 190 ಇರಬಹುದು. ಗಾಬರಿಯಾಗಿ ಇಳಿಸುವ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಡುವವರಿದ್ದಾರೆ. ಇದು ನಿಜಕ್ಕೂ ಕೆಡುಕು ಮಾಡುತ್ತದೆ. ಅರೆನೆರಳಿನ ಭಾಗಕ್ಕೆ ಪಕ್ಕದ ನಾಳಗಳಿಂದ ರಕ್ತ ತಳ್ಳುತ್ತಿರುವುದೇ ಆ ಏರಿದ ಒತ್ತಡ. ಅದನ್ನು ದಡಕ್ಕನೆ ಇಳಿಸಿದರೆ ಉಳಿಯಬಹುದಾಗಿದ್ದ ಭಾಗವೂ ಸಾಯುತ್ತದೆ. ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ಹರಿಸಿದರೆ ಲಕ್ವ ಬಿಡುತ್ತದೆ ಎಂಬ ಸಂದೇಶ ಮೊಬೈಲುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಅದರಿಂದ ಆಗುವುದು ತಡ ಒಂದೇ. ಎಚ್ಚರ ತಪ್ಪಿದ್ದರೆ ಅಥವಾ ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ ಮಲಗಿಸಿ.

ಹತ್ತಿರದ ಆಸ್ಪತ್ರೆ ಎಂಬುದಕ್ಕಿಂತ ಸರಿಯಾದ ಆಸ್ಪತ್ರೆ ಮುಖ್ಯ: ಹಗಲಿರುಳೂ ಸಿಟಿ ಸ್ಕ್ಯಾನ್ ಇರುವ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಆಸ್ಪತ್ರೆ. ಸ್ಕ್ಯಾನ್ ಇಲ್ಲದ ಕಡೆ ಹೋಗಿ ಡ್ರಿಪ್ ಹಾಕಿಸಿಕೊಂಡು ಅಲ್ಲಿಂದ ಇನ್ನೊಂದು ಕಡೆಗೆ ಹೊರಡುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಹಾಗಾಗಿ ನಿಮ್ಮ ಸುತ್ತ ಅಂಥ ಆಸ್ಪತ್ರೆ ಯಾವುದು ಎಂದು ಎಲ್ಲರೂ ಚೆನ್ನಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಬೇಕು. ಆಂಬುಲೆನ್ಸಿನಿಂದಲೇ ಫೋನ್ ಮಾಡಿ "ಪಾರ್ಶ್ವವಾಯು ಇರಬಹುದು, ಇಷ್ಟು ಹೊತ್ತಿಗೆ ಶುರುವಾಯಿತು" ಎಂದು ತಿಳಿಸಿದರೆ ಸ್ಕ್ಯಾನ್ ಕೋಣೆ ಸಿದ್ಧವಾಗಿರುತ್ತದೆ. ನುಂಗುತ್ತಿರುವ ಮಾತ್ರೆಗಳ ಹಾಳೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಕೊನೆಯ ಗುಳಿಗೆ ನುಂಗಿದ್ದು ಯಾವಾಗ ಎಂಬುದು ಜೀವದ ಪ್ರಶ್ನೆ.

ಆಸ್ಪತ್ರೆಯೊಳಗೆ

ತುರ್ತು ವಿಭಾಗದಲ್ಲಿ ಮೊದಲು ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಶುಗರ್ ನೋಡುತ್ತಾರೆ. ಅದು ತುಂಬಾ ಇಳಿದಿದ್ದರೂ ಥೇಟ್ ಪಾರ್ಶ್ವವಾಯುವಿನ ಹಾಗೆಯೇ ಕಾಣುತ್ತದೆ, ಗ್ಲೂಕೋಸ್ ಏರಿಸಿದರೆ ಸರಿಹೋಗುತ್ತದೆ. ಆಮೇಲೆ ಬಿಪಿ, ನರದೌರ್ಬಲ್ಯಕ್ಕೆ 0ಯಿಂದ 42ರವರೆಗೆ ಅಂಕ ಕೊಡುವ ಪರೀಕ್ಷೆ, ಸಿಟಿ ಸ್ಕ್ಯಾನ್. ಮೊದಲ ಕೆಲವು ಗಂಟೆಗಳಲ್ಲಿ ಹೆಪ್ಪಿನಿಂದಾದ ಗಾಯ ಸಿಟಿಯಲ್ಲಿ ಕಾಣದೇ ಇರಬಹುದು. "ಸ್ಕ್ಯಾನ್ ನಾರ್ಮಲ್" ಎಂದರೆ "ಸ್ಟ್ರೋಕ್ ಇಲ್ಲ" ಎಂದು ಅರ್ಥವಲ್ಲ. ಲಕ್ಷಣಗಳಿದ್ದು ರಕ್ತಸ್ರಾವ ಇಲ್ಲವೆಂದರೆ ಚುಚ್ಚುಮದ್ದು ಕೊಡಬಹುದು ಎಂದೇ ಅರ್ಥ. ಈ ಮಾತು ತಿಳಿಯದ ಮನೆಯವರು "ಎಲ್ಲ ನಾರ್ಮಲ್ ಇದೆಯಂತೆ" ಎಂದು ರೋಗಿಯನ್ನು ಎಬ್ಬಿಸಿಕೊಂಡು ಹೊರಟುಬಿಡುವ ಅಪಾಯವಿದೆ.

ಆಲ್ಟಿಪ್ಲೇಸಿನ ಪ್ರಮಾಣ ಕಿಲೋಗೆ 0.9 ಮಿಲಿಗ್ರಾಂ, ಒಟ್ಟು 90 ಮಿಲಿಗ್ರಾಂ ಮೀರಬಾರದು. 60 ಕಿಲೋ ತೂಗುವವರಿಗೆ 54 ಮಿಲಿಗ್ರಾಂ. ಅದರಲ್ಲಿ ಹತ್ತನೆಯ ಒಂದು ಭಾಗ, ಅಂದರೆ 5.4 ಮಿಲಿಗ್ರಾಂ, ಒಂದು ನಿಮಿಷದಲ್ಲಿ ಕೊಟ್ಟು ಉಳಿದ 48.6 ಮಿಲಿಗ್ರಾಮನ್ನು ಒಂದು ಗಂಟೆಯ ಡ್ರಿಪ್ಪಿನಲ್ಲಿ ಹರಿಸುತ್ತಾರೆ. ತೂಕವನ್ನು ಕಣ್ಣಂದಾಜಿನಲ್ಲಿ ಹಿಡಿದರೆ ಪ್ರಮಾಣ ತಪ್ಪುತ್ತದೆ. ಈ ಮದ್ದು ರಕ್ತದಲ್ಲಿ ಐದೇ ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಹೀಗಾಗಿ ಮೊದಲ ಚುಚ್ಚಿಗೂ ಡ್ರಿಪ್ಪಿಗೂ ನಡುವೆ ಬಿಡುವಾದರೆ ಮೊದಲು ಕೊಟ್ಟದ್ದು ದಂಡ. ಡ್ರಿಪ್ ಮುಗಿದ ಮೇಲೆ ಕೊಳವೆಯಲ್ಲೇ ಉಳಿಯುವ ಮದ್ದನ್ನು ಸಲೈನ್ ಬಿಟ್ಟು ಒಳಗೆ ಕಳಿಸುವುದನ್ನು ಮರೆತರೂ ರೋಗಿಗೆ ಪೂರ್ತಿ ಪ್ರಮಾಣ ಸಿಗುವುದಿಲ್ಲ. ಟೆನೆಕ್ಟಿಪ್ಲೇಸ್ ಎಂಬ ಹೊಸ ಮದ್ದನ್ನು ಕಿಲೋಗೆ 0.25 ಮಿಲಿಗ್ರಾಂನಂತೆ, 25 ಮಿಲಿಗ್ರಾಂ ಮೀರದಂತೆ, ಒಂದೇ ಚುಚ್ಚಿನಲ್ಲಿ ಕೊಟ್ಟು ಮುಗಿಸಬಹುದು. ಡ್ರಿಪ್ಪಿನ ರಗಳೆ ಇಲ್ಲದ್ದರಿಂದ ರೋಗಿಯನ್ನು ಇನ್ನೊಂದು ಆಸ್ಪತ್ರೆಗೆ ಸಾಗಿಸಬೇಕಾದಾಗ ಇದು ತುಂಬಾ ಅನುಕೂಲ.

ಮದ್ದು ಕೊಡುವ ಮುನ್ನ ಬಿಪಿ 185/110ಕ್ಕಿಂತ ಕೆಳಗಿರಬೇಕು, ಕೊಟ್ಟ ಮೇಲೆ 24 ಗಂಟೆ 180/105 ದಾಟಬಾರದು. ಚುಚ್ಚುಮದ್ದಾಗಲಿ ಹೆಪ್ಪು ಎಳೆಯುವುದಾಗಲಿ ಇಲ್ಲದವರಲ್ಲಿ ಮೊದಲ ದಿನ 220/120ರವರೆಗೂ ಸಾಮಾನ್ಯವಾಗಿ ಮುಟ್ಟಲು ಹೋಗುವುದಿಲ್ಲ. ವೈದ್ಯರು ಬಿಪಿಗೆ ಏನೂ ಮಾಡುತ್ತಿಲ್ಲ ಎಂದು ಮನೆಯವರು ಜಗಳಕ್ಕೆ ನಿಲ್ಲುವುದು ಈ ವಿಷಯಕ್ಕೇ.

ಚುಚ್ಚುಮದ್ದಿನಿಂದ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. 1995ರ ಅಧ್ಯಯನದಲ್ಲಿ ನೂರಕ್ಕೆ ಆರರಷ್ಟು ಜನರಿಗೆ ಹಾಗಾಗಿತ್ತು. ಒಪ್ಪಿಗೆಪತ್ರಕ್ಕೆ ಸಹಿ ಹಾಕುವಾಗ ಮನೆಯವರ ಕೈ ನಡುಗುವುದು ಸಹಜ. ಆದರೆ ಇನ್ನೊಂದು ಬದಿಯ ಲೆಕ್ಕವನ್ನೂ ನೋಡಿ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2010ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ, ಮೊದಲ 90 ನಿಮಿಷದೊಳಗೆ ಮದ್ದು ಬಿದ್ದರೆ ನಾಲ್ಕೈದು ಜನರಲ್ಲಿ ಒಬ್ಬರು ಹೆಚ್ಚುವರಿಯಾಗಿ ಬಹುತೇಕ ಪೂರ್ಣ ಚೇತರಿಸಿಕೊಳ್ಳುತ್ತಾರೆ. ಒಂದೂವರೆಯಿಂದ ಮೂರು ಗಂಟೆಯಾದರೆ ಒಂಬತ್ತರಲ್ಲಿ ಒಬ್ಬರು. ಮೂರರಿಂದ ನಾಲ್ಕೂವರೆ ಗಂಟೆಯಾದರೆ ಹದಿನಾಲ್ಕರಲ್ಲಿ ಒಬ್ಬರು. ಅದೇ ಮದ್ದು, ಅದೇ ಪ್ರಮಾಣ. ಬೇರೆಯಾದದ್ದು ಹೊತ್ತು ಮಾತ್ರ. ನಾಲ್ಕೂವರೆ ಗಂಟೆ ಎಂಬುದನ್ನು ರೈಲು ಹೊರಡುವ ಹೊತ್ತು ಎಂದುಕೊಂಡವರು ಇದನ್ನು ಗಮನಿಸಬೇಕು. ಇಲ್ಲಿ ರೈಲು ಮೊದಲ ನಿಮಿಷವೇ ಹೊರಟಿದೆ.

ದೊಡ್ಡ ನಾಳ ಮುಚ್ಚಿದ್ದರೆ ಮದ್ದೊಂದೇ ಸಾಲದೆ ಹೋಗುವುದೇ ಹೆಚ್ಚು. ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಕೊಳವೆ ತೂರಿಸಿ ಮಿದುಳಿನ ನಾಳದವರೆಗೆ ಒಯ್ದು, ಬಲೆಯಂಥ ಸ್ಟೆಂಟಿನಲ್ಲಿ ಹೆಪ್ಪನ್ನು ಸಿಕ್ಕಿಸಿ ಎಳೆಯುತ್ತಾರೆ, ಇಲ್ಲವೇ ಕೊಳವೆಯಿಂದಲೇ ಹೀರಿ ತೆಗೆಯುತ್ತಾರೆ. ಹೊರಬರುವುದು ಅಕ್ಕಿಕಾಳಿಗಿಂತ ಅಷ್ಟೇನೂ ದೊಡ್ಡದಲ್ಲದ ಕಡುಗೆಂಪು ತುಣುಕು. ಮೇಜಿನ ಮೇಲೆ ಇರುವಾಗಲೇ ಕೈ ಎತ್ತಿದ ರೋಗಿಗಳಿದ್ದಾರೆ.

ರಕ್ತಸ್ರಾವದ ಪಾರ್ಶ್ವವಾಯುವಿನಲ್ಲಿ ಮೊದಲ ಕೆಲವು ಗಂಟೆಗಳಲ್ಲಿ ರಕ್ತದ ಗಡ್ಡೆ ಬೆಳೆಯುತ್ತಲೇ ಇರಬಹುದು, ಅದನ್ನು ತಡೆಯುವುದೇ ಗುರಿ. ಬಿಪಿಯ ಮೇಲಿನ ಅಂಕಿಯನ್ನು ಬೇಗ, ಏರಿಳಿತವಿಲ್ಲದೆ 140ರ ಹತ್ತಿರಕ್ಕೆ ತರುತ್ತಾರೆ. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಅದರ ಪ್ರತಿಮದ್ದು ಕೊಡುತ್ತಾರೆ, ಜ್ವರ ಮತ್ತು ಶುಗರನ್ನು ಹಿಡಿತದಲ್ಲಿಡುತ್ತಾರೆ. ಕಿರುಮಿದುಳಿನಲ್ಲಿ ದೊಡ್ಡ ಗಡ್ಡೆಯಾದರೆ ಶಸ್ತ್ರಚಿಕಿತ್ಸೆಗೆ ತಡಮಾಡುವಂತಿಲ್ಲ. ಸಿಡಿಲು ಬಡಿದಂತೆ ಕ್ಷಣಾರ್ಧದಲ್ಲಿ ತುದಿಗೇರುವ, ಹಿಂದೆಂದೂ ಕಂಡಿರದ ತಲೆನೋವು ಬಂದರೆ ಮಿದುಳಿನ ಹೊದಿಕೆಯ ಕೆಳಗೆ ಉಬ್ಬಿದ ನಾಳವೊಂದು ಒಡೆದಿರಬಹುದು. ಆ ಉಬ್ಬು ಮತ್ತೆ ಒಡೆಯುವ ಮೊದಲು ಅದನ್ನು ಮುಚ್ಚಬೇಕು.

ಮೊದಲ ವಾರ

ಈ ಹಂತದಲ್ಲಿ ಜೀವ ತೆಗೆಯುವುದು ಅನೇಕ ಸಲ ಮಿದುಳಿನ ಗಾಯವಲ್ಲ, ನ್ಯುಮೋನಿಯಾ. ನುಂಗುವ ಪರೀಕ್ಷೆ ಮುಗಿಯುವವರೆಗೆ ಬಾಯಿಂದ ಏನೂ ಇಲ್ಲ ಎಂದು ದಾದಿಯರು ಹೇಳಿದ್ದನ್ನು ಅಕ್ಷರಶಃ ಪಾಲಿಸಬೇಕು. ಹಸಿದಿದ್ದಾರೆ ಎಂಬ ಮರುಕದಿಂದ ಮಲಗಿದಲ್ಲೇ ಬಾಯಿಗೆ ಒಂದು ಚಮಚ ಹಾಕಿದ್ದು ಶ್ವಾಸಕೋಶಕ್ಕೆ ಹೋಗಬಹುದು. ಕೆಮ್ಮಿದರೆ ಗೊತ್ತಾಗುತ್ತದೆ; ಕೆಮ್ಮೇ ಇಲ್ಲದೆ ಒಳಗಿಳಿಯುವುದೂ ಉಂಟು. ಕುಡಿದ ಮೇಲೆ ದನಿ ಗೊರಗೊರ ಎಂದರೆ ತಕ್ಷಣ ನಿಲ್ಲಿಸಿ. ಉಣಿಸುವಾಗ ನೆಟ್ಟಗೆ ಕೂರಿಸಿ, ಉಂಡ ಮೇಲೂ ಅರ್ಧ ಗಂಟೆ ಮಲಗಿಸಬೇಡಿ.

ಬೇಗ ಎಬ್ಬಿಸಿ ನಡೆಸಬೇಕೆಂಬ ಆತುರಕ್ಕೂ ಮಿತಿ ಬೇಕು. ಮೊದಲ 24 ಗಂಟೆಯೊಳಗೇ ಪದೇಪದೇ ಎಬ್ಬಿಸಿ ಹೆಚ್ಚು ಹೊತ್ತು ನಡೆದಾಡಿಸಿದವರಲ್ಲಿ ಫಲಿತಾಂಶ ಕೆಟ್ಟಿತು ಎಂದು 2015ರ ದೊಡ್ಡ ಅಧ್ಯಯನವೊಂದು ತೋರಿಸಿತು. ಎರಡನೆಯ ದಿನದಿಂದ, ಸ್ವಲ್ಪ ಹೊತ್ತು, ದಿನಕ್ಕೆ ಹಲವು ಬಾರಿ ಎಂಬುದು ಈಗಿನ ರೂಢಿ.

ಎರಡನೆಯದು ಬಾರದಂತೆ

ಡಿಸ್ಚಾರ್ಜ್ ಆದ ಮೇಲೆ ಸೋರಿಕೆ ಬೇರೆ ರೂಪದಲ್ಲಿ ಶುರುವಾಗುತ್ತದೆ. ಸಣ್ಣ ಪಾರ್ಶ್ವವಾಯು ಅಥವಾ ಟಿಐಎ ಆದವರಿಗೆ ಆಸ್ಪಿರಿನ್ ಮತ್ತು ಅದರಂತೆಯೇ ಹೆಪ್ಪು ತಡೆಯುವ ಕ್ಲೋಪಿಡೋಗ್ರೆಲ್ ಎರಡನ್ನೂ ಸಾಮಾನ್ಯವಾಗಿ 21 ದಿನ ಕೊಡುತ್ತಾರೆ, ಆಮೇಲೆ ಒಂದೇ ಮಾತ್ರೆ ಜೀವನಪೂರ್ತಿ. ತಪ್ಪು ಎರಡೂ ಕಡೆ ಆಗುತ್ತದೆ: ಎರಡನ್ನೂ ವರ್ಷಗಟ್ಟಲೆ ನುಂಗಿ ಹೊಟ್ಟೆಯಲ್ಲಿ ರಕ್ತ ಒಸರಿಸಿಕೊಳ್ಳುವವರು ಒಂದು ಕಡೆ, 22ನೆಯ ದಿನ ಎರಡನ್ನೂ ಬಿಟ್ಟವರು ಇನ್ನೊಂದು ಕಡೆ. ಹೃದಯದ ತಾಳ ತಪ್ಪಿದವರಿಗೆ ಆಸ್ಪಿರಿನ್ ಸಾಲದು, ಹೆಪ್ಪುಗಟ್ಟುವುದನ್ನು ತಡೆಯುವ ಬೇರೆ ಬಗೆಯ ಮಾತ್ರೆ ಬೇಕು. ಅದು ವಾರ್ಫರಿನ್ ಆದರೆ ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿ 2ರಿಂದ 3ರೊಳಗೆ ಇರಬೇಕು. ಲಕ್ಷಣ ಕಂಡ ಬದಿಗೆ ಸೇರಿದ ಕರೋಟಿಡ್ ನಾಳ ಶೇ 70ಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯ ಲಾಭ ಹೆಚ್ಚು ಸಿಗುವುದು ಮೊದಲ ಎರಡು ವಾರಗಳಲ್ಲಿ. "ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ನೋಡೋಣ" ಎಂದು ಮೂರು ತಿಂಗಳು ತಳ್ಳಿದರೆ ಆ ಲಾಭದ ಬಹುಪಾಲು ಹೋಗಿರುತ್ತದೆ.

ಬಿಪಿಯ ಮೇಲಿನ ಅಂಕಿ 10ರಷ್ಟು ಇಳಿದರೆ ಪಾರ್ಶ್ವವಾಯುವಿನ ಅಪಾಯ ಸುಮಾರು ಕಾಲು ಭಾಗ ಇಳಿಯುತ್ತದೆ. ಹೆಚ್ಚಿನವರಿಗೆ 130/80ರ ಕೆಳಗೆ ಎಂಬುದು ಗುರಿ. ಮನೆಯಲ್ಲಿ ನೋಡುವಾಗ ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಮಾತನಾಡದೆ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಬರೆದಿಡಿ. ತೋಳು ದಪ್ಪವಿದ್ದು ಪಟ್ಟಿ ಚಿಕ್ಕದಾದರೆ ಬಿಪಿ ಇಲ್ಲದೆಯೂ ಹೆಚ್ಚು ತೋರಿಸುತ್ತದೆ. "ಈಗ ನಾರ್ಮಲ್ ಇದೆ" ಎಂದು ಮಾತ್ರೆ ನಿಲ್ಲಿಸಬೇಡಿ, ನಾರ್ಮಲ್ ಆಗಿರುವುದೇ ಆ ಮಾತ್ರೆಯಿಂದ.

ಮತ್ತೆ ಕಲಿಯುವುದು

ಕೈಕಾಲಿನ ಚೇತರಿಕೆ ಮೊದಲ ಮೂರು ತಿಂಗಳಲ್ಲಿ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಉಳಿದ ಭಾಗಗಳು ಹೊಸ ದಾರಿ ಹಾಕಿಕೊಳ್ಳುತ್ತವೆ, ದಾರಿ ಸವೆಯುವುದು ನಡೆದಾಗಲೇ. ಎಣ್ಣೆ ಹಚ್ಚಿ ಬೇರೆಯವರು ಕೈ ತಿಕ್ಕುವುದರಿಂದ ಕೀಲು ಮರಗಟ್ಟದೆ ಇರಬಹುದು, ಆದರೆ ಮಿದುಳು ಕಲಿಯಬೇಕಾದರೆ ರೋಗಿಯೇ ಆ ಕೈಯಿಂದ ಲೋಟ ಹಿಡಿಯಲು, ಗುಂಡಿ ಹಾಕಲು ದಿನಕ್ಕೆ ನೂರಾರು ಸಲ ಪ್ರಯತ್ನಿಸಬೇಕು.

ಆರೈಕೆ ಮಾಡುವವರ ಕೈಯಿಂದ ತಿಳಿಯದೆ ಆಗುವ ದೊಡ್ಡ ತಪ್ಪು ಭುಜದ್ದು. ಸೋತ ತೋಳಿನ ಸ್ನಾಯುಗಳು ಸಡಿಲವಾಗಿ ಮೂಳೆ ಗೂಡಿನಿಂದ ಜಾರಲು ಸಿದ್ಧವಾಗಿರುತ್ತದೆ. ಎಬ್ಬಿಸುವಾಗ ಆ ಕೈ ಹಿಡಿದೋ ಕಂಕುಳಿಗೆ ಕೈ ಹಾಕಿಯೋ ಎಳೆದರೆ ತಿಂಗಳುಗಟ್ಟಲೆ ಕಾಡುವ ನೋವು ಶುರುವಾಗುತ್ತದೆ. ಸೊಂಟಕ್ಕೆ ಅಥವಾ ಭುಜದ ಹಿಂದಿನ ಎಲುಬಿಗೆ ಕೈಕೊಟ್ಟು ಎತ್ತಬೇಕು. ಕೂತಾಗ ಆ ತೋಳು ಜೋತುಬೀಳದಂತೆ ದಿಂಬಿನ ಮೇಲಿರಬೇಕು.

ಮೂವರಲ್ಲಿ ಒಬ್ಬರಷ್ಟು ಜನರನ್ನು ಖಿನ್ನತೆ ಹಿಡಿಯುತ್ತದೆ. ವ್ಯಾಯಾಮಕ್ಕೆ ಏಳದಿರುವುದನ್ನು ಸೋಮಾರಿತನ ಎಂದುಕೊಳ್ಳುವ ಮೊದಲು ಅದನ್ನು ನೆನೆಯಬೇಕು, ಅದಕ್ಕೆ ಚಿಕಿತ್ಸೆ ಇದೆ. ಕಾರಣವಿಲ್ಲದೆ ಗಳಗಳ ಅಳುವುದು, ನಗು ತಡೆಯಲಾಗದಿರುವುದು ಬೇರೆಯೇ ತೊಂದರೆ. ಅದು ದುಃಖದ್ದಲ್ಲ, ಗಾಯದ್ದು.

ಮಾತು ಹೋದವರೊಡನೆ ಮಾತನಾಡುವಾಗ ಟಿವಿ ಆರಿಸಿ, ಎದುರಿಗೆ ಕೂತು, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. "ನೀರು ಬೇಕೋ, ಹೊರಗೆ ಕೂರುತ್ತೀರೋ, ಮಗನಿಗೆ ಫೋನ್ ಮಾಡಲೋ" ಎಂದು ಮೂರನ್ನೂ ಒಟ್ಟಿಗೆ ಕೇಳಿದರೆ ಮೂರೂ ಕಳೆದುಹೋಗುತ್ತವೆ. ಕಿವಿ ಕೇಳಿಸದವರಿಗೆ ಹೇಳುವಂತೆ ಕೂಗುವುದು ಬೇಡ, ಮಗುವಿನ ಭಾಷೆಯೂ ಬೇಡ. ಅವರ ಬುದ್ಧಿಗೆ ಏನೂ ಆಗಿಲ್ಲ. "ನೀರು ಬೇಕಾ?" ಎಂದು ಲೋಟ ತೋರಿಸಿ ಕೇಳಿ, ಹೌದು ಅಥವಾ ಬೇಡ ಎಂದು ತಲೆಯಾಡಿಸಲು ಹತ್ತು ಸೆಕೆಂಡು ಬಿಡಿ. ಪದ ನಾಲಿಗೆಯ ತುದಿಯಲ್ಲಿ ಒದ್ದಾಡುತ್ತಿರುವಾಗ ನೀವೇ ಹೇಳಿ ಮುಗಿಸಬೇಡಿ.